ನೆಸ್ ಸರೋವರದಲ್ಲಿ ನಿಜಕ್ಕೂ ಏನಾದ್ರೂ ಇದೆಯಾ?

ಪ್ರಶ್ನೆ:
ಮುಂದಿನ ತಿಂಗಳು ಸ್ಕಾಟ್ಲೆಂಡಿಗೆ ಹೋಗ್ತಿದ್ದೇವೆ. ಮಗಳು ಈಗಲೇ ಬೈನಾಕ್ಯುಲರ್ ಒರೆಸಿ ಇಟ್ಟಿದ್ದಾಳೆ, ನೆಸ್ಸಿ (ಆ ಸರೋವರದಲ್ಲಿದೆ ಅಂತ ಜನ ಹೇಳೋ ದೈತ್ಯ ಪ್ರಾಣಿ) ನೋಡಲೇಬೇಕಂತೆ. ಉದ್ದ ಕತ್ತಿನ ಕಪ್ಪು-ಬಿಳುಪು ಫೋಟೋ ಇದೆಯಲ್ಲ, ಅದು ಸುಳ್ಳಾ?

ಉತ್ತರ 1:
ಶುದ್ಧ ಸುಳ್ಳು. 1934ರಲ್ಲಿ ಡೈಲಿ ಮೇಲ್ ಪತ್ರಿಕೆಯಲ್ಲಿ ಬಂದದ್ದು. ಆಟಿಕೆ ಸಬ್‌ಮರೀನ್ ಮೇಲೆ ತಲೆ-ಕತ್ತು ಮಾಡಿ ಕೂರಿಸಿದ್ದರು. ಡಾಕ್ಟರ್ ತೆಗೆದ ಫೋಟೋ ಅಂದ ಕೂಡಲೇ ಜನ ನಂಬಿಬಿಟ್ಟರು!

ಉತ್ತರ 2:
ನಾನು ಸರೋವರದ ಹತ್ತಿರದ ಇನ್ವರ್ನೆಸ್ ಊರಲ್ಲೇ ಇರೋದು. ನೀರು ನೋಡಿದರೆ ಕಥೆ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತೆ. ಸುತ್ತಲಿನ ಪೀಟ್ ಮಣ್ಣು (ಗಿಡಗಳು ಕೊಳೆತು ಆದ ಕಪ್ಪು ಮಣ್ಣು) ಸೇರಿ ಡಿಕಾಕ್ಷನ್ ಬಣ್ಣ. ಆಳ ಸುಮಾರು 230 ಮೀಟರ್. ದೋಣಿ ಕಣ್ಮರೆಯಾದ ಮೇಲೂ ಅದರ ಅಲೆ ಬೆನ್ನು ಉಬ್ಬಿಸಿಕೊಂಡು ಬರುತ್ತೆ, ನನಗೇ ಒಮ್ಮೆ ಎದೆ ಧಸಕ್ ಅಂದಿತ್ತು. 2018ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ಅವರ ತಂಡ ಅಲ್ಲಿನ ನೀರು ತೆಗೆದು ಅದರಲ್ಲಿ ಪ್ರಾಣಿಗಳ ಡಿಎನ್‌ಎ ಹುಡುಕಿತು. ನೆಸ್ಸಿ ಹಳೇ ಕಾಲದ ಸರೀಸೃಪ ಅನ್ನೋರಿದ್ದಾರಲ್ಲ, ಆದರೆ ಸರೀಸೃಪದ್ದು ಸಿಗಲೇ ಇಲ್ಲ. ಹಾವುಮೀನಿನದು ಮಾತ್ರ ಬೇಕಾದಷ್ಟು! ದಡದಲ್ಲಿರೋ ಅರ್ಕರ್ಟ್ ಕೋಟೆ ತಪ್ಪಿಸಬೇಡಿ. ಜಾಕೆಟ್ ಇರಲಿ, ಗಾಳಿ ಜಾಸ್ತಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. "ಹಾಗಾದ್ರೆ ದೊಡ್ಡ ಹಾವುಮೀನೇ ನೆಸ್ಸಿ" ಅಂತ ತೀರ್ಪು ಕೊಟ್ಟಳು. ಕೋಟೆಗೆ ಟಿಕೆಟ್ ಮೊದಲೇ ತಗೋಬೇಕಾ?