ಒಂದೇ ನಂಬರ್‌ಗೆ ಮೂರು ಚೂರು! ಕ್ಯಾಟಲಾಗ್ ಪೂರ್ತಿ ಕಲಸಿಹೋಗಿದೆ

ಬೋಕಿಪೆಟ್ಟಿಗೆ:
ತಲೆ ಕೆಟ್ಟುಹೋಗಿದೆ, ಯಾರಾದರೂ ನೋಡಿ. ನಮ್ಮದು ಚಿಕ್ಕ ಮ್ಯೂಸಿಯಂ. ಮಡಕೆ ಚೂರು, ಬಾಟಲಿ ಗಾಜು, ಮೊಳೆ, ಗುಂಡಿ ಇಂಥವನ್ನೆಲ್ಲ ಪಟ್ಟಿ ಮಾಡುತ್ತಿದ್ದೇವೆ. ಈಗ ಪಟ್ಟಿ ತೆರೆದರೆ ಎಷ್ಟೋ ನಂಬರ್ ಎರಡೆರಡು ಸಲ ಇವೆ. ಒಂದಕ್ಕಂತೂ ಮೂರು ವಸ್ತು. ಮೊದಲು ಎಲ್ಲ ಸರಿಯಾಗೇ ಇತ್ತು. ಏನು ಮಾಡಲಿ?

ಅಂಚುತಳ:
ಇದರಲ್ಲಿ ಅನುಮಾನವೇ ಇಲ್ಲ. ಇಬ್ಬರು ಕೂತು ಒಂದೇ ಪೆಟ್ಟಿಗೆಗೆ ನಂಬರ್ ಕೊಟ್ಟಿದ್ದಾರೆ. ಪೆಟ್ಟಿಗೆಗೆ ಒಬ್ಬರೇ ಇರಬೇಕು. ಯಾರು ಯಾವ ದಿನ ಬರೆದರು ಅಂತ ನೋಡಿ, ಅಲ್ಲೇ ಸಿಗುತ್ತೆ.

ಬೋಕಿಪೆಟ್ಟಿಗೆ:
ಇಲ್ಲ ಸರ್, ನಂಬರ್ ಕೊಟ್ಟಿದ್ದು ಒಬ್ಬರೇ.

ಅಂಚುತಳ:
ಹಾಗಾದರೆ ಚೂರು ಆಮೇಲೆ ಒಡೆದಿರಬೇಕು. ಒಂದು ಮೂರಾದಾಗ ಮೂರಕ್ಕೂ ಹಳೇ ನಂಬರೇ ಹಾಕಿರುತ್ತಾರೆ. ಒಡೆದ ಅಂಚು ನೋಡಿ. ಹೊಸದಾಗಿ ಒಡೆದಿದ್ದರೆ ಬಣ್ಣ ತಿಳಿಯಾಗಿರುತ್ತೆ, ಮಣ್ಣು ಕೂತಿರಲ್ಲ.

ಬೋಕಿಪೆಟ್ಟಿಗೆ:
ಒಂದೇ ವಸ್ತು ಒಡೆದಿದ್ದಲ್ಲ ಸರ್! 14.1, ಅಂದರೆ 14ನೇ ಪೆಟ್ಟಿಗೆಯ 1ನೇ ವಸ್ತು, ಅಂತ ಇರುವ ಮೂರರಲ್ಲಿ ಒಂದು ಮಡಕೆಯ ಬಾಯಂಚು, ಒಂದು ಹಸಿರು ಬಾಟಲಿಯ ಕುತ್ತಿಗೆ, ಇನ್ನೊಂದು ಹೊಗೆಸೊಪ್ಪು ಸೇದುವ ಬಿಳಿ ಮಣ್ಣಿನ ಕೊಳವೆಯ ತುಂಡು.

ಗಾಜುಗಣ್ಣು:
ಕೊಳವೆ ತುಂಡು ಇದೆಯಾ? ಒಳಗಿನ ತೂತು ಅಳೆದಿದ್ದೀರಾ? ಪುರಾತತ್ವಜ್ಞ ಹ್ಯಾರಿಂಗ್ಟನ್ 1954ರಲ್ಲೇ ತೋರಿಸಿದ್ದಾರೆ, ಕಾಲ ಕಳೆದಂತೆ ತೂತು ಸಣ್ಣದಾಗುತ್ತಾ ಬಂತು ಅಂತ. ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನ ಹತ್ತಿರ ಅದಕ್ಕೇ ಡ್ರಿಲ್ ಬಿಟ್ ಸೆಟ್ ಇದೆ.

ಅಂಚುತಳ:
ಒಂದು ತುಂಡು ಇಟ್ಟುಕೊಂಡು ಕಾಲ ಹೇಳಕ್ಕಾಗಲ್ಲ. ರಾಶಿ ತುಂಡು ಇದ್ದರೆ ಮಾತ್ರ ಆ ಲೆಕ್ಕಕ್ಕೆ ಬೆಲೆ.

ಗಾಜುಗಣ್ಣು:
ಅಳೆದು ಬರೆದಿಡಿ ಅಂದೆ ಅಷ್ಟೇ. ಮುಂದೆ ಯಾರಿಗಾದರೂ ಬೇಕಾಗುತ್ತೆ, ಅಲ್ವಾ?

ಸೊನ್ನೆಕಾವಲು:
ಬೋಕಿಪೆಟ್ಟಿಗೆ ಅವರೇ, ಎರಡೆರಡು ಬಂದಿರುವ ನಂಬರ್ ಯಾವ್ಯಾವು? 14.1, 14.2, 14.3 ಇಂಥವು ಮಾತ್ರನಾ? 14.17 ತರಹದ್ದು ಎರಡು ಸಲ ಬಂದಿದೆಯಾ? ಫೈಲ್ ಎಲ್ಲಿಂದ ಬಂತು ಅಂತಲೂ ಹೇಳಿ.

ಬೋಕಿಪೆಟ್ಟಿಗೆ:
ಹೌದು, 1ರಿಂದ 9ರವರೆಗಿನವು ಮಾತ್ರ! 14.17 ಒಂದೇ ಇದೆ. ಹಳೇ ಡೇಟಾಬೇಸ್‌ನಿಂದ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಟೆಕ್ಸ್ಟ್ ಫೈಲ್) ತೆಗೆದು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದಿದ್ದು. ಅದನ್ನು ಹೇಳಬೇಕು ಅನ್ನಿಸಲಿಲ್ಲ, ಎಲ್ಲರೂ ಹಾಗೇ ಮಾಡೋದಲ್ವಾ.

ಸೊನ್ನೆಕಾವಲು:
ಸಿಕ್ಕಿತು. ನಿಮ್ಮ ನಂಬರನ್ನು ಸ್ಪ್ರೆಡ್‌ಶೀಟ್ ದಶಮಾಂಶ ಸಂಖ್ಯೆ ಅಂದುಕೊಂಡಿದೆ. ಅದರ ಲೆಕ್ಕಕ್ಕೆ 14.10 ಅಂದರೂ 14.1 ಅಂದರೂ ಒಂದೇ. 14.100 ಕೂಡ ಅದೇ. ಕೊನೆಯ ಸೊನ್ನೆ ಹಾರಿಹೋಗಿದೆ. ನಿಮ್ಮ ಬಾಯಂಚು, ಬಾಟಲಿ, ಕೊಳವೆ ಬಹುಶಃ 1, 10, 100ನೇ ವಸ್ತುಗಳು.

ಈಗ ಕಾಲಮ್ಮನ್ನು ಟೆಕ್ಸ್ಟ್ ಅಂತ ಬದಲಿಸಿದರೆ ಸೊನ್ನೆ ವಾಪಸ್ ಬರಲ್ಲ. ಮೂಲ ಸಿಎಸ್‌ವಿ ಹುಡುಕಿ. ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಇಂಪೋರ್ಟ್ ಮಾಡಿ, ನಂಬರ್ ಕಾಲಮ್ಮಿಗೆ ಟೆಕ್ಸ್ಟ್ ಅಂತ ಮೊದಲೇ ಹೇಳಿ.

ಪಟ್ಟಿಗಾರ:
ಚುಕ್ಕಿ ಬದಲು ಅಡ್ಡಗೆರೆ ಹಾಕೋಣ ಅಂತ ಮಾತ್ರ ಹೋಗಬೇಡಿ. 3-4 ಅಂತ ಬರೆದರೆ ತಾರೀಖಾಗುತ್ತೆ. ವಂಶವಾಹಿಗಳ ಹೆಸರೇ ಎಕ್ಸೆಲ್‌ನಲ್ಲಿ ತಾರೀಖಾಗುತ್ತಿತ್ತು. 2020ರಲ್ಲಿ 'ಮಾರ್ಚ್1' ಅನ್ನೋ ಹೆಸರನ್ನೇ ಬದಲಿಸಬೇಕಾಯಿತು. ನನ್ನ ಪ್ರಕಾರ ಎಲ್ಲವನ್ನೂ 14.001 ಅಂತ ಮಾಡಿಬಿಡಿ.

ಸೊನ್ನೆಕಾವಲು:
ಖಂಡಿತ ಬೇಡ. ಚೂರಿನ ಮೇಲೆ ಬರೆದಾದ ನಂಬರ್ ಯಾವತ್ತೂ ಬದಲಾಗಬಾರದು. ಹಳೇ ರಿಜಿಸ್ಟರ್, ಫೋಟೋ, ಚೀಲ ಎಲ್ಲದರಲ್ಲೂ ಅದೇ ಇರುತ್ತೆ. ಸಾಲಾಗಿ ಜೋಡಿಸೋಕೆ ಬೇಕಿದ್ದರೆ ಪಕ್ಕದಲ್ಲಿ ಇನ್ನೊಂದು ಕಾಲಮ್ ಹಾಕಲಿ.

ಬೋಕಿಪೆಟ್ಟಿಗೆ:
ಮೂಲ ಫೈಲ್ ಇಲ್ಲ. ಅದರ ಮೇಲೇ ಸೇವ್ ಆಗಿದೆ, ಸಾಲುಗಳನ್ನೂ ವಸ್ತುವಿನ ಹೆಸರಿನ ಪ್ರಕಾರ ಜೋಡಿಸಿಬಿಟ್ಟಿದ್ದೇವೆ. ಚೂರಿನ ಮೇಲೆ ನೋಡೋಣ ಅಂದರೆ ಕೆಲವದರಲ್ಲಿ ನಂಬರ್ ಹಪ್ಪಳೆ ಎದ್ದುಹೋಗಿದೆ. ನೇಲ್ ಪಾಲಿಷ್ ಮೇಲೆ ಬರೆದಿದ್ದು.

ಅಂಚುತಳ:
ನೇಲ್ ಪಾಲಿಷ್!! ಅದರಲ್ಲಿ ನೈಟ್ರೋಸೆಲ್ಯುಲೋಸ್ ಇರುತ್ತೆ. ಹಳದಿಯಾಗಿ, ಬಿರುಸಾಗಿ, ಪದರ ಪದರವಾಗಿ ಎದ್ದುಬರುತ್ತೆ. ಪ್ಯಾರಲಾಯ್ಡ್ ಬಿ-72 ಅನ್ನೋ ಅಕ್ರಿಲಿಕ್ ರಾಳವನ್ನು ಅಸಿಟೋನ್‌ನಲ್ಲಿ ಕರಗಿಸಿ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಬರೆದು, ಮೇಲೆ ಮತ್ತೆ ಅದನ್ನೇ ಹಚ್ಚಿ.

ಪಟ್ಟಿಗಾರ:
ಮೇಲಿನ ಪದರಕ್ಕೂ ಬಿ-72 ಹಚ್ಚಿದರೆ ಅಸಿಟೋನ್ ಕೆಳಗಿನ ಪದರವನ್ನೂ ಕರಗಿಸಿ ಅಕ್ಷರ ಕದಡುತ್ತೆ. ಮೇಲಕ್ಕೆ ಅದೇ ಜಾತಿಯ ಬಿ-67 ಒಳ್ಳೇದು. ಅದು ವೈಟ್ ಸ್ಪಿರಿಟ್‌ನಲ್ಲಿ ಕರಗುತ್ತೆ.

ಅಂಚುತಳ:
ಕುಂಚ ಒಂದೇ ಸಲ ಎಳೆದರೆ ಏನೂ ಕದಡಲ್ಲ. ನನ್ನ ಎಲ್ಲ ಚೂರೂ ಹಾಗೇ ಇವೆ.

ಪಟ್ಟಿಗಾರ:
ಹೊಸಬರ ಕೈಯಲ್ಲಿ ಕದಡುತ್ತೆ ಸರ್. ಕಲಿಸುವಾಗ ನೋಡಿದ್ದೇನೆ. ಇನ್ನೊಂದು ಮಾತು, ಒಡೆದ ಅಂಚಿನ ಮೇಲೆ ಬರೆಯಲೇಬೇಡಿ. ಮುಂದೆ ಜೋಡಿ ಚೂರು ಸಿಕ್ಕರೆ ಆ ಪದರವೇ ಅಡ್ಡ ಬರುತ್ತೆ. ಉದುರುವ ಮಡಕೆಗೆ ಏನೂ ಹಚ್ಚದೆ ಚೀಟಿ ಸಾಕು.

ಗಾಜುಗಣ್ಣು:
ಅದಕ್ಕೇ ನಾನು ಎಲ್ಲಕ್ಕೂ ಫೋಟೋ ಇಡೋದು. ಕ್ಯಾಮೆರಾ ಕೆಳಮುಖ, ಬೂದು ಹಾಳೆಯಿಂದ ಒಂದು ಗೇಣು ಮೇಲೆ ಗಾಜು, ಅದರ ಮೇಲೆ ಚೂರು. ನೆರಳು ಬೀಳಲ್ಲ. ಬೆಳಕು ಮೇಲಿನ ಎಡ ಮೂಲೆಯಿಂದ ಓರೆಯಾಗಿ ಬಂದರೆ ಗೀರು, ಬೆರಳ ಗುರುತು ಎಲ್ಲ ಎದ್ದು ಕಾಣುತ್ತೆ. ಸ್ಕೇಲ್ ಚೂರಿನ ಮೇಲ್ಮೈ ಎತ್ತರಕ್ಕೇ ಇರಬೇಕು. ಹೊಸ ಲೆನ್ಸ್ ಬಂದ ಮೇಲಂತೂ ಗಾಜಿನೊಳಗಿನ ಗುಳ್ಳೆ ಕೂಡ ಎಣಿಸಬಹುದು.

ಸೊನ್ನೆಕಾವಲು:
ಫೋಟೋ! ಬೋಕಿಪೆಟ್ಟಿಗೆ ಅವರೇ, ನಿಮ್ಮ ಫೋಟೋ ಫೈಲಿಗೆ ಹೆಸರು ಏನಿಟ್ಟಿದ್ದೀರಿ? ವಸ್ತುವಿನ ನಂಬರೇ ಆಗಿದ್ದರೆ ಅಲ್ಲಿ ಸೊನ್ನೆ ಹಾಗೇ ಉಳಿದಿರುತ್ತೆ. ಫೈಲ್ ಹೆಸರನ್ನು ಯಾರೂ ಸಂಖ್ಯೆ ಅಂತ ಓದಲ್ಲ.

ಬೋಕಿಪೆಟ್ಟಿಗೆ:
ಇದೆ! ಬಾಟಲಿ ಕುತ್ತಿಗೆ 14.10, ಕೊಳವೆ 14.100. ಬಾಯಂಚೇ ನಿಜವಾದ 14.1. ತುಂಬಾ ಥ್ಯಾಂಕ್ಸ್. ಆದರೆ 22ನೇ ಪೆಟ್ಟಿಗೆಗೆ ಫೋಟೋ ಇಲ್ಲ. ಅದರಲ್ಲಿ ಬರೀ ಮಡಕೆಯ ಮೈಭಾಗದ ಚೂರುಗಳು, ನೋಡೋಕೆ ಎಲ್ಲ ಒಂದೇ ತರಹ.

ಸೊನ್ನೆಕಾವಲು:
ಕೈಬರಹದ ರಿಜಿಸ್ಟರ್‌ನಲ್ಲಿ ತೂಕ, ದಪ್ಪ ಬರೆದಿದ್ದರೆ ಒಂದೊಂದಾಗಿ ತೂಗಿ ಹೊಂದಿಸಿ. ಹೊಂದದೆ ಉಳಿದರೆ ಊಹಿಸಿ ಬರೆಯಬೇಡಿ. ತಾತ್ಕಾಲಿಕ ನಂಬರ್ ಕೊಟ್ಟು, ಯಾವ ಎರಡರಲ್ಲಿ ಗೊಂದಲ ಅಂತ ಷರಾ ಹಾಕಿ. ಪಟ್ಟಿಯ ಈಗಿನ ಪ್ರತಿಯನ್ನೂ ಮುಟ್ಟದೆ ಬೇರೆ ಕಡೆ ಇಟ್ಟಿರಿ.

ಬೋಕಿಪೆಟ್ಟಿಗೆ:
ತೂಕ ಇದೆ, ದಪ್ಪ ಬರೆದಿಲ್ಲ. ನಾಳೆಯಿಂದ ತಕ್ಕಡಿ ಹಿಡಿದು ಕೂರುತ್ತೇವೆ.

ಮಣ್ಣುಕೈ:
ಗಾಜುಗಣ್ಣು ಅವರೇ, ಆ ಗಾಜಿನ ಹಲಗೆಗೆ ದೀಪದ ಪ್ರತಿಫಲನ ಬರದ ಹಾಗೆ ಏನು ಮಾಡಿದ್ದೀರಿ? ನನ್ನದರಲ್ಲಿ ಪ್ರತಿ ಫೋಟೋದಲ್ಲೂ ಬಿಳಿ ಮಚ್ಚೆ ಬರುತ್ತಿದೆ.