ಅಪ್‌ಡೇಟ್: ಕೋಲಾರದ ಸೂರ್ಯಾಸ್ತಕ್ಕೆ ಎಚ್‌ಡಿಆರ್ ಪ್ರಯತ್ನ

ಸೂರ್ಯಾಸ್ತದ ಫೋಟೊದಲ್ಲಿ ಆಕಾಶಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಹೊಂದಿಸಿದರೆ ಮನೆಗಳೆಲ್ಲ ಕಪ್ಪು, ಮನೆಗಳಿಗೆ ಹೊಂದಿಸಿದರೆ ಆಕಾಶ ಪೂರ್ತಿ ಬಿಳಿ, ಏನು ಮಾಡಲಿ ಅಂತ ಕೇಳಿದ್ದೆ. ಬ್ರಾಕೆಟಿಂಗ್ ಮಾಡಿ, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ತೆಗೆದು ಆಮೇಲೆ ಒಂದೇ ಚಿತ್ರವಾಗಿ ಸೇರಿಸಿ (ಇದೇ ಎಚ್‌ಡಿಆರ್) ಎಂದವರಿಗೆಲ್ಲ ಥ್ಯಾಂಕ್ಸ್, ಕೆಲಸ ಆಯಿತು.

ಮನೆ ಟೆರೇಸ್‌ನಿಂದ ಪಶ್ಚಿಮಕ್ಕೆ, ಅಂತರಗಂಗೆ ಬೆಟ್ಟದ ಕಡೆ ಕ್ಯಾಮೆರಾ ಇಟ್ಟೆ. ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಅಪರ್ಚರ್ (ಲೆನ್ಸ್ ತೆರೆದಿರುವ ಅಳತೆ) ಎಫ್/8, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). ಎಕ್ಸ್‌ಪೋಷರ್ −2 (ಕಡಿಮೆ ಬೆಳಕು), 0 (ಸಾಮಾನ್ಯ), +2 (ಹೆಚ್ಚು ಬೆಳಕು) ಹೀಗೆ ಮೂರು ಶಾಟ್. ಶಟರ್ ವೇಗ ಮಾತ್ರ ಬದಲಾಗಬೇಕು ಅಂದಿದ್ದಿರಲ್ಲ, ಕಾರಣ ಈಗ ತಿಳಿಯಿತು. ಅಪರ್ಚರ್ ಬದಲಾದರೆ ಫೋಕಸ್‌ನ ಆಳವೂ (ಹತ್ತಿರದಿಂದ ದೂರಕ್ಕೆ ಎಷ್ಟು ಭಾಗ ಸ್ಪಷ್ಟ ಎಂಬುದು) ಬದಲಾಗುತ್ತದೆ, ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ.

ತಲೆನೋವು ಕೊಟ್ಟಿದ್ದು ಬೆಟ್ಟದ ಅಂಚು. ಟೋನ್ ಮ್ಯಾಪಿಂಗ್ (ಸೇರಿಸಿದ ಚಿತ್ರದ ಬೆಳಕು-ನೆರಳನ್ನು ಸ್ಕ್ರೀನ್‌ಗೆ ತಕ್ಕಂತೆ ಹೊಂದಿಸುವುದು) ಸ್ವಲ್ಪ ಜಾಸ್ತಿ ಆದರೂ ಅಂಚಿನ ಸುತ್ತ ಬೆಳ್ಳನೆಯ ಗೆರೆ. ಬಣ್ಣವಂತೂ ಜಾತ್ರೆ ಪೋಸ್ಟರ್! ಸ್ಲೈಡರ್ ಅರ್ಧಕ್ಕೆ ಇಳಿಸಿದ ಮೇಲೆ ಕಣ್ಣಿಗೆ ಕಂಡ ಹಾಗೇ ಬಂತು. ಹಾರುತ್ತಿದ್ದ ಹದ್ದು ಸೇರಿಸಿದ ಚಿತ್ರದಲ್ಲಿ ಮೂರು ಕಡೆ ಮೂಡಿತ್ತು. ಡಿಘೋಸ್ಟ್ (ಚಲಿಸಿದ ವಸ್ತುವಿನ ನಕಲು ಅಳಿಸುವ ಆಯ್ಕೆ) ಹಾಕಿದಾಗ ಒಂದೇ ಉಳಿಯಿತು.

ಇನ್ನೊಂದು ವಿಷಯ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಬೀದಿದೀಪ ಹತ್ತಿದಾಗ ಆಕಾಶಕ್ಕೂ ಊರಿಗೂ ಬೆಳಕಿನ ವ್ಯತ್ಯಾಸವೇ ಕಡಿಮೆ, ಅಲ್ವಾ? ಆಗ ಸುಮ್ನೆ ಮೂರು ತೆಗೆಯಬೇಕಿಲ್ಲ. ಒಂದೇ ರಾ ಫೈಲ್ ಸಾಕಾಯಿತು, ನೆರಳಿನ ಭಾಗ ಸ್ವಲ್ಪ ಬೆಳಗಿಸಿದೆ ಅಷ್ಟೇ.