ಕೆಮ್ಮಿದರೆ ಮೂತ್ರ ಸೋರುತ್ತದೆ, ಇಂಜೆಕ್ಷನ್ ಹಾಕಿಸಿಕೊಳ್ಳಬಹುದಾ?

ಸಂಪಿಗೆಮರ:
ನನಗೆ 46. ಎರಡು ಹೆರಿಗೆ, ಎರಡೂ ನಾರ್ಮಲ್. ಕೆಮ್ಮಿದರೆ, ಸೀನಿದರೆ, ನೀರಿನ ಕ್ಯಾನ್ ಎತ್ತಿದರೆ ಸಾಕು, ಬಟ್ಟೆ ಒದ್ದೆ. ಡಾಕ್ಟರ್ ಸ್ಲಿಂಗ್ ಆಪರೇಷನ್ (ಮೂತ್ರನಾಳದ ಕೆಳಗೆ ಬಲೆಯ ಪಟ್ಟಿ ಇಟ್ಟು ಆಸರೆ ಕೊಡುವುದು) ಅಂದರು. ಹೆದರಿಕೆ ಆದರೆ ಮೂತ್ರನಾಳಕ್ಕೆ ಇಂಜೆಕ್ಷನ್ ಇದೆ ಅಂದರು. ಬೊಟಾಕ್ಸ್ ಅಂತಾರಲ್ಲ, ಅದೇನಾ? ಅತ್ತೆಗೆ ಹೇಳಿದರೆ "ಹೆತ್ತವರಿಗೆಲ್ಲ ಇದ್ದದ್ದೇ" ಅಂದುಬಿಟ್ಟರು.

ಹಳೇ_ನರ್ಸ್:
ಅಲ್ಲಮ್ಮ, ಬೊಟಾಕ್ಸ್ ಬೇರೆ. ಇದ್ದಕ್ಕಿದ್ದಂತೆ ಅರ್ಜೆಂಟಾಗಿ, ಬಾತ್‌ರೂಮಿಗೆ ಓಡುವಷ್ಟರಲ್ಲೇ ಸೋರಿಬಿಡುವವರಿಗೆ ಅದನ್ನು ಮೂತ್ರಕೋಶದ ಗೋಡೆಗೆ ಚುಚ್ಚುತ್ತಾರೆ. ನಿಮ್ಮದು ಹೊಟ್ಟೆಗೆ ಒತ್ತಡ ಬಿದ್ದಾಗ ಸೋರುವುದು. ಇದಕ್ಕೆ ಬಲ್ಕಿಂಗ್ ಇಂಜೆಕ್ಷನ್. ಸಣ್ಣ ಕ್ಯಾಮೆರಾದಲ್ಲಿ ನೋಡುತ್ತಾ ಮೂತ್ರನಾಳದ ಒಳಪದರದ ಕೆಳಗೆ ಮೂರು ನಾಲ್ಕು ಕಡೆ ಜೆಲ್ ತುಂಬುತ್ತಾರೆ, ಅಲ್ಲಿ ಉಬ್ಬಿ ದಾರಿ ಬಿಗಿಯಾಗುತ್ತದೆ. ಸವೆದ ನಲ್ಲಿಗೆ ವಾಷರ್ ಹಾಕಿದ ಹಾಗೆ ಅಂದುಕೊಳ್ಳಿ. ಬಲ್ಕಮಿಡ್ ಅನ್ನುವ ಜೆಲ್‌ನಲ್ಲಿ 97.5% ನೀರೇ, ಮಿಕ್ಕಿದ್ದು ಪಾಲಿಅಕ್ರಿಲಮೈಡ್ ಅನ್ನುವ ಕೃತಕ ವಸ್ತು. ಅಮೆರಿಕದಲ್ಲಿ ಅದಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು.

ಮೂರನೇಮಹಡಿ:
ನಾನು ಹಾಕಿಸಿಕೊಂಡಿದ್ದೇನೆ. ಅಲ್ಲಿಗೆ ಮಾತ್ರ ಮರಗಟ್ಟಿಸಿ ಕೊಟ್ಟರು, ಕಾಲು ಗಂಟೆ ಕೂಡ ಆಗಲಿಲ್ಲ, ಆದರೆ ಮೂತ್ರ ಸರಿಯಾಗಿ ಹೋಗುವ ತನಕ ಮನೆಗೆ ಬಿಡಲಿಲ್ಲ, ಕೆಲವರಿಗೆ ಕಟ್ಟಿಕೊಳ್ಳುತ್ತದಂತೆ. ಎರಡು ದಿನ ಉರಿ, ಸ್ವಲ್ಪ ರಕ್ತ. ಮೊದಲ ಸಲಕ್ಕೆ ಅರ್ಧ ಕಮ್ಮಿ ಆಯಿತು, ಇನ್ನೊಂದು ಸಲ ಹಾಕಿಸಬೇಕಾಯಿತು. ಈಗಲೂ ಜೋರಾಗಿ ಸೀನಿದರೆ ಒಂದೆರಡು ಹನಿ, ಅದಕ್ಕೆ ನಾನೇನೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಗುಂಡಣ್ಣನ_ಮಗಳು:
ಸುಲಭ ಅಂತ ಸುಮ್ನೆ ಅದಕ್ಕೇ ಬೀಳಬೇಡಿ. ಫಿನ್ಲೆಂಡ್‌ನಲ್ಲಿ 224 ಹೆಂಗಸರಿಗೆ ಎರಡನ್ನೂ ಹೋಲಿಸಿ ನೋಡಿದ್ದರು. ಒಂದು ವರ್ಷದ ಮೇಲೆ ಸ್ಲಿಂಗ್ ಹಾಕಿಸಿಕೊಂಡವರಲ್ಲಿ 95% ಜನಕ್ಕೆ ತೃಪ್ತಿ, ಇಂಜೆಕ್ಷನ್‌ನವರಲ್ಲಿ ಸುಮಾರು 60%. ಸ್ಲಿಂಗ್‌ನ ಬಲೆಯಿಂದಲೂ ಕೆಲವರಿಗೆ ನೋವು, ತೊಂದರೆ ಆಗಿದೆ, ಇಂಗ್ಲೆಂಡ್‌ನಲ್ಲಿ 2018ರಲ್ಲಿ ಅದನ್ನು ತಡೆಹಿಡಿದರು. ಹಾಗಾಗಿ ಒಂದು ಕಡೆ ಗಟ್ಟಿತನ, ಇನ್ನೊಂದು ಕಡೆ ಕಮ್ಮಿ ರಿಸ್ಕ್, ಯಾವುದು ಬೇಕು ಅಂತ ನೀವೇ ತೂಗಿ ನೋಡಬೇಕು. ಅದಕ್ಕೂ ಮೊದಲು ಕೆಗೆಲ್ ವ್ಯಾಯಾಮ, ಅಂದರೆ ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಯುವ ವ್ಯಾಯಾಮ, ಮಾಡಿದ್ದೀರಾ?

ಸಂಪಿಗೆಮರ:
ಯೂಟ್ಯೂಬ್ ನೋಡಿ ಹದಿನೈದು ದಿನ ಮಾಡಿದೆ, ಏನೂ ಆಗಲಿಲ್ಲ.

ಹಳೇ_ನರ್ಸ್:
ಅದು ಲೆಕ್ಕಕ್ಕೇ ಇಲ್ಲ ಕಣ್ರೀ. ಫಿಸಿಯೋ ಹತ್ತಿರ ಹೋಗಿ, ಸರಿಯಾದ ಸ್ನಾಯು ಬಿಗಿಯುತ್ತಿದ್ದೀರಾ ಅಂತ ಪರೀಕ್ಷೆ ಮಾಡಿಸಿ, ಕಮ್ಮಿ ಅಂದರೂ ಮೂರು ತಿಂಗಳು ಮಾಡಬೇಕು. ಎಷ್ಟೋ ಜನ ಒಳಗೆ ಎಳೆಯುವ ಬದಲು ಕೆಳಗೆ ತಳ್ಳುತ್ತಿರುತ್ತಾರೆ, ಅದರಿಂದ ಸೋರುವುದು ಇನ್ನೂ ಜಾಸ್ತಿ.